ನಿಧಾನ ಎಂದವನು

ಆ ಊರಿನಲ್ಲಿ ಇದ್ದದ್ದು ಒಂದೇ ಪಿಯಾನೊ. ಅದರ ಮೇಲೆ ನುಡಿಸುತ್ತಿದ್ದದ್ದು ಒಂದೇ ಕೃತಿ. ಪಿಯಾನೊ ಹೊಳೆಯ ಮೇಲೆ ದೋಣಿಯಲ್ಲಿ ಬಂತೆಂದು ಕೆಲವರು ಹೇಳುತ್ತಿದ್ದರು. ಪಿಯಾನೊ ಮೊದಲೇ ಇತ್ತು, ಊರು ಆಮೇಲೆ ಅದರ ಸುತ್ತ ಬಂದು ಸೇರಿತು ಎಂದು ಇನ್ನು ಕೆಲವರು. ಊರ ನಡುವಿನ ಕಲ್ಲಿನ ಹಜಾರದಲ್ಲಿ ಅದು ನಿಂತಿತ್ತು. ಅದರ ಬಿಳಿ ಪಟ್ಟಿಗಳಿಗೆ ಬಿಳಿ ಮನೆ ಎಂದೂ ಕರಿ ಪಟ್ಟಿಗಳಿಗೆ ಕರಿ ಮನೆ ಎಂದೂ ಹೆಸರು.

ಕೃತಿಗೆ ಮೂರು ಭಾಗ. ಮಗು ಹುಟ್ಟಿದರೆ ಮೊದಲನೆಯದನ್ನು ನುಡಿಸುತ್ತಿದ್ದರು, ಮದುವೆಯಾದರೆ ಕೊನೆಯದನ್ನು. ನಡುವಿನ ಭಾಗ ಸತ್ತವರದು. ಅದನ್ನು ನುಡಿಸಿ ಮುಗಿಸುವವರೆಗೆ ಹೆಣ ಎತ್ತುವಂತಿರಲಿಲ್ಲ. ಮನೆಯವರೇ ಯಾರಾದರೂ ನುಡಿಸಿದರೆ ಹೋದವರಿಗೆ ಸಮಾಧಾನ ಎಂದು ಊರಿನ ನಂಬಿಕೆ. ಹಾಗಾಗಿ ಪ್ರತಿ ಮನೆಯವರೂ ಒಬ್ಬ ಮಗನನ್ನೋ ಮಗಳನ್ನೋ ಕಲಿಯಲು ಕಳಿಸುತ್ತಿದ್ದರು.

ಕಟ್ಟಳೆ ಒಂದೇ ಇತ್ತು. ಯಾರೇ ನುಡಿಸಲಿ, ಯಾರಿಗಾಗಿಯೇ ನುಡಿಸಲಿ, ನಡೆ, ಅಂದರೆ ನುಡಿಸುವ ವೇಗ, ಒಂದೇ ಇರಬೇಕು. ಒಬ್ಬೊಬ್ಬರಿಗೆ ಒಂದೊಂದು ನಡೆಯಲ್ಲಿ ನುಡಿಸಿದರೆ ಜನ ಒಂದೇ ಬೀದಿಯಲ್ಲಿದ್ದೂ ಒಬ್ಬರಿಗೊಬ್ಬರು ಸಿಗದೆ ಹೋಗುತ್ತಾರೆ ಎಂದು ಹಿಂದಿನವರು ಹೇಳಿಟ್ಟಿದ್ದರು. ಭಾವದ ವಿಚಾರ ಕಟ್ಟಳೆಯಲ್ಲಿ ಇರಲಿಲ್ಲ. ನಡೆ ಸರಿಯಿದ್ದರೆ ಭಾವ ತಾನಾಗಿ ಬರುತ್ತದೆ, ಅದನ್ನು ಅಳೆಯಬೇಕಾಗಿಲ್ಲ ಎಂದುಕೊಂಡಿದ್ದರು.

ಆ ಊರಿನಲ್ಲಿ ಗಡಿಯಾರ ಇರಲಿಲ್ಲ. ನಡೆಯನ್ನು ಅಳೆಯಲು ಇದ್ದದ್ದು ಒಬ್ಬ ಮನುಷ್ಯನ ನಾಡಿ. ಅವನನ್ನು ಎಲ್ಲರೂ ನಾಡಿಯಯ್ಯ ಎನ್ನುತ್ತಿದ್ದರು. ಕಲಿತವರು ಪಿಯಾನೊ ಮುಂದೆ ಕೂತು ಮೂರೂ ಭಾಗ ನುಡಿಸುವಾಗ ನಾಡಿಯಯ್ಯ ಅವರ ಬೆನ್ನ ಹಿಂದೆ ಒಂದು ಮಣೆಯ ಮೇಲೆ ಕೂರುತ್ತಿದ್ದ. ಕಣ್ಣು ಮುಚ್ಚಿ, ಬಲಗೈಯ ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲಿಟ್ಟು, ತನ್ನ ನಾಡಿಯ ಒಂದೊಂದು ಬಡಿತಕ್ಕೆ ಕೃತಿಯ ಒಂದೊಂದು ಹೆಜ್ಜೆ ಬೀಳುತ್ತದೆಯೇ ಎಂದು ನೋಡುತ್ತಿದ್ದ. ಮುಗಿದ ಮೇಲೆ ಎದ್ದು ನಿಂತು ಒಂದು ಮಾತು ಹೇಳುತ್ತಿದ್ದ. ಸರಿ ಎಂದರೆ ಆ ಮನೆಗೆ ನುಡಿಸುವವರು ಸಿಕ್ಕಿದಂತೆ. ಬೇಗ ಎಂದರೆ, ಅಥವಾ ನಿಧಾನ ಎಂದರೆ, ಅವನೇ ತಾಮ್ರದ ತಂಬಿಗೆಯಲ್ಲಿ ನೀರು ತಂದು ಅವರ ಎರಡೂ ಕೈಗೆ ಹುಯ್ಯುತ್ತಿದ್ದ. ಇದಕ್ಕೆ ಕೈ ತೊಳೆಸುವುದು ಎಂದು ಹೆಸರು. ಕೈ ತೊಳೆಸಿಕೊಂಡವರು ಬದುಕಿರುವವರೆಗೆ ಪಿಯಾನೊ ಮುಟ್ಟುವಂತಿರಲಿಲ್ಲ.

ನಾಡಿಯಯ್ಯನ ನಾಡಿ ಕೆಡದಂತೆ ನೋಡಿಕೊಳ್ಳುವುದು ಇಡೀ ಊರಿನ ಕೆಲಸ. ಅವನ ಊಟಕ್ಕೆ ಉಪ್ಪು ಖಾರ ಹಾಕುತ್ತಿರಲಿಲ್ಲ. ಅವನ ಮನೆಗೆ ಮೆಟ್ಟಿಲು ಇರಲಿಲ್ಲ. ಅವನ ಬೀದಿಯಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ, ಜೋರಾಗಿ ನಗುತ್ತಲೂ ಇರಲಿಲ್ಲ. ಅವನು ಮದುವೆಯಾಗಲಿಲ್ಲ, ಸಾವಿನ ಮನೆಗೆ ಹೋಗಲಿಲ್ಲ. ಅವನ ತಾಯಿ ಹೊಳೆಯಾಚೆಯ ತಂಗಿಯ ಮನೆಯಲ್ಲಿ ತೀರಿಕೊಂಡಾಗ ಊರಿನವರು ಆ ಸುದ್ದಿಯನ್ನು ನಾಲ್ಕು ದಿನ ಹಂಚಿ ಹೇಳಿದ್ದರು. ಮೊದಲ ದಿನ ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ ಎಂದರು. ಎರಡನೆಯ ದಿನ ಜಾಸ್ತಿಯಾಗಿದೆ ಎಂದರು. ಮೂರನೆಯ ದಿನ ಮಾತು ನಿಂತಿದೆ ಎಂದರು. ನಾಲ್ಕನೆಯ ದಿನ ಹೋದರು ಎಂದು ಹೇಳುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ನಾಡಿಯಯ್ಯ ಮಣಿಕಟ್ಟು ಹಿಡಿದು ನೋಡಿಕೊಂಡ. ಬಡಿತ ಎಂದಿನಂತೆಯೇ ಇತ್ತು. ಊರಿನವರಿಗೆ ಹೆಮ್ಮೆಯಾಯಿತು. ಅವನಿಗೂ ಹೆಮ್ಮೆಯಾಯಿತು.

ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ಆಮೇಲೆ ಬಣ್ಣಗಾರನ ಮಗಳು ನುಡಿಸಲು ಬಂದಳು.

ಬಟ್ಟೆಗೆ ನೀಲಿ ಹಾಕುವವನ ಮಗಳು ಅವಳು. ಹೆತ್ತವಳು ಚಿಕ್ಕಂದಿನಲ್ಲೇ ಹೋಗಿದ್ದಳು, ತಂದೆಗೆ ಅವಳೊಬ್ಬಳೇ. ಬೆರಳ ಗೆಣ್ಣುಗಳವರೆಗೆ ಅವಳ ಕೈ ನೀಲಿಯಾಗಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಣ್ಣಗಾರ ಹಜಾರದ ಬಾಗಿಲಲ್ಲಿ ನಿಂತಿದ್ದ. ಆಗಲೇ ಅವನಿಗೆ ಕೆಮ್ಮು ಹಿಡಿದಿತ್ತು, ಮಗಳು ನುಡಿಸುವಾಗ ಕೆಮ್ಮು ಬರಬಾರದೆಂದು ಪಂಚೆಯ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದ.

ಮೊದಲ ಭಾಗ ಸರಿಯಾಗಿ ನಡೆಯಿತು. ನಡುವಿನ ಭಾಗದಲ್ಲಿ ಎಡಗೈ ಒಂದು ತಗ್ಗಿನ ಸ್ವರವನ್ನು ಹಿಡಿದುಕೊಂಡು ಕಾಯುತ್ತದೆ. ಬಲಗೈ ಮೇಲಿನಿಂದ ಒಂದೊಂದೇ ಸ್ವರವಾಗಿ ಇಳಿದು ಬಂದು ಅದನ್ನು ಸೇರಬೇಕು. ನಾಡಿಯಯ್ಯ ಇದನ್ನು ನೂರಾರು ಸಲ ಕೇಳಿದ್ದ. ಆದರೆ ಆ ದಿನ ಆ ಸ್ವರಗಳು, ಬಹಳ ಕಾಲದ ಮೇಲೆ ಮನೆಗೆ ಬಂದವರು ಹೊಸಲಿನ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುವ ಹಾಗೆ ಬಂದವು. ಅವನಿಗೆ ತಾಯಿ ನೆನಪಾದಳು. ಮಾತು ನಿಂತಿದೆ ಎಂದು ಅವರು ಹೇಳಿದ ಮೂರನೆಯ ದಿನ, ಅವಳು ಇನ್ನೂ ಇದ್ದಾಳೆಂದೇ ನಂಬಿದ್ದ ತಾನು ಹೊಳೆ ದಾಟಿ ಹೋಗಬಹುದಿತ್ತು ಎನ್ನುವುದು ಇಷ್ಟು ವರ್ಷದಲ್ಲಿ ಮೊದಲ ಸಲ ಹೊಳೆಯಿತು. ಅವನ ಬೆರಳಡಿಯಲ್ಲಿ ನಾಡಿ ಒಮ್ಮೆ ತಡವರಿಸಿತು. ಆಮೇಲೆ ಓಡತೊಡಗಿತು.

ನಾಡಿ ಓಡಿದ್ದರಿಂದ ಅವಳ ಒಂದೊಂದು ಸ್ವರದ ನಡುವೆ ಒಂದರ ಬದಲು ಎರಡು ಬಡಿತ ಬಿದ್ದವು. ಅವಳು ಚೆನ್ನಾಗಿ ನುಡಿಸಿದಷ್ಟೂ ನಾಡಿ ಇನ್ನಷ್ಟು ಓಡಿತು. ನಾಡಿ ಓಡಿದಷ್ಟೂ ಅವಳು ಹಿಂದೆ ಬಿದ್ದಂತೆ ಕಂಡಳು.

ಕೃತಿ ಮುಗಿಯಿತು. ನಾಡಿಯಯ್ಯ ಕಣ್ಣು ತೆರೆದ. ಏನಾಯಿತೆಂದು ಅವನಿಗೆ ಪೂರ್ತಿ ಗೊತ್ತಿತ್ತು. ತನ್ನ ನಾಡಿ ತಪ್ಪಿತು ಎಂದು ಹೇಳಿದರೆ ಆ ಮಣೆಯಿಂದ ಅಂದೇ ಇಳಿಯಬೇಕು. ಇಪ್ಪತ್ತೆರಡು ವರ್ಷ ಉಪ್ಪಿಲ್ಲದೆ ಉಂಡದ್ದು, ಒಂಟಿಯಾಗಿ ಮಲಗಿದ್ದು, ತಾಯಿಯ ಮುಖ ನೋಡದೆ ಉಳಿದದ್ದು, ಎಲ್ಲವೂ ಯಾತಕ್ಕೂ ಇಲ್ಲದಂತಾಗುತ್ತದೆ. ಇಷ್ಟನ್ನು ಯೋಚಿಸಲು ಅವನಿಗೆ ಒಂದು ಉಸಿರಿನಷ್ಟೇ ಹೊತ್ತು ಹಿಡಿಯಿತು.

"ನಿಧಾನ," ಎಂದ.

ಹುಡುಗಿ ಅಳಲಿಲ್ಲ. ಎಲ್ಲಿ ಎಂದಷ್ಟೇ ಕೇಳಿದಳು. ಹಾಗೆ ಕೇಳುವ ರೂಢಿ ಇರಲಿಲ್ಲ. ಅವನು ನಡುವಿನ ಭಾಗ, ಇಳಿದು ಬರುವ ಜಾಗ ಎಂದು ಹೇಳಿದ. ಅವಳು ತಲೆಯಾಡಿಸಿದಳು, ಗುರುವಿನ ಮಾತಿಗೆ ಶಿಷ್ಯರು ತಲೆಯಾಡಿಸುವ ಹಾಗೆ. ಅವನು ತಂಬಿಗೆ ತಂದ. ನೀರು ಅವಳ ಬೊಗಸೆಗಿಂತ ನೆಲಕ್ಕೇ ಹೆಚ್ಚು ಬಿತ್ತು. ಬಾಗಿಲಲ್ಲಿದ್ದ ಬಣ್ಣಗಾರ ಅಲ್ಲಿಯವರೆಗೆ ತಡೆದಿದ್ದ ಕೆಮ್ಮನ್ನು ಆಗ ಕೆಮ್ಮಿದ.

ಅಂದಿನಿಂದ ನಾಡಿಯಯ್ಯನಿಗೆ ಅನ್ನ ಸೇರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆ ಬಂದಾಗ, ಇನ್ನೊಬ್ಬರು ನುಡಿಸುವವರಿದ್ದಾರೆ, ಅದು ಮುಗಿಯಲಿ ಎಂದುಕೊಳ್ಳುತ್ತಿದ್ದ. ಬಂದವರು ನುಡಿಸುತ್ತಿದ್ದರು, ಅವನ ನಾಡಿ ಅಲುಗಾಡದೆ ನಡೆಯುತ್ತಿತ್ತು, ಅವನು ಸರಿ ಎನ್ನುತ್ತಿದ್ದ. ಹಾಗೆ ಸರಿ ಎಂದ ಒಂದು ಮಧ್ಯಾಹ್ನ ಅವನಿಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷದಲ್ಲಿ ಅವನು ಹದಿನಾಲ್ಕು ಮಂದಿಯ ಕೈ ತೊಳೆಸಿದ್ದ. ಹದಿನಾಲ್ಕು ಮಂದಿಗೂ ಹೇಳಿದ್ದು ನಿಧಾನ ಎಂದೇ. ಬೇಗ ಎಂದು ಯಾರಿಗೂ ಒಮ್ಮೆಯೂ ಹೇಳಿರಲಿಲ್ಲ. ತಪ್ಪುವ ಕೈ ಎರಡೂ ಕಡೆಗೆ ತಪ್ಪಬೇಕಿತ್ತಲ್ಲ.

ಅವನು ಒಬ್ಬೊಬ್ಬರನ್ನೇ ನೆನಪಿಗೆ ತಂದುಕೊಂಡ. ಕುಂಬಾರರ ಹೆಂಗಸು ನುಡಿಸುವಾಗ ಸಣ್ಣದಾಗಿ ಎದೆ ಬಿಗಿದಿತ್ತು, ಸೆಕೆ ಎಂದುಕೊಂಡಿದ್ದ. ದೋಣಿಯವನು ನುಡಿಸುವಾಗ ಕಣ್ಣಲ್ಲಿ ನೀರು ಬಂದಿತ್ತು, ಧೂಳು ಎಂದುಕೊಂಡಿದ್ದ. ನಾಡಿ ಆಗಲೂ ಹೆಜ್ಜೆ ಮುಂದಿಟ್ಟಿರಬೇಕು, ಅವನು ಗಮನಿಸಿರಲಿಲ್ಲ. ತನ್ನನ್ನು ಮುಟ್ಟಿದವರನ್ನೆಲ್ಲ ಅವನು ಪಿಯಾನೊದಿಂದ ಎಬ್ಬಿಸಿ ಕಳಿಸಿದ್ದ. ಮುಟ್ಟದವರ ಕೈಯಲ್ಲಿ ಊರಿನ ಹುಟ್ಟು ಸಾವುಗಳನ್ನು ಕೊಟ್ಟಿದ್ದ. ಆದರೂ ಉಳಿದ ಹದಿಮೂರು ಮಂದಿಯ ವಿಷಯದಲ್ಲಿ ತನಗೆ ತಿಳಿಯದೆ ಆಯಿತು ಎಂದಾದರೂ ಹೇಳಿಕೊಳ್ಳಬಹುದಿತ್ತು. ಬಣ್ಣಗಾರನ ಮಗಳ ವಿಷಯದಲ್ಲಿ ಅದನ್ನೂ ಹೇಳಿಕೊಳ್ಳುವಂತಿರಲಿಲ್ಲ.

ಅಷ್ಟು ಗೊತ್ತಾದ ಮೇಲೂ ಅವನು ಹೇಳಲಿಲ್ಲ.

ಮೂರನೆಯ ವರ್ಷ ಬಣ್ಣಗಾರ ಸತ್ತ. ಅವನ ಮನೆಯಲ್ಲಿ ನುಡಿಸುವವರು ಇರಲಿಲ್ಲವಾದ್ದರಿಂದ ಎಣ್ಣೆಗಾಣದವರ ಮಗ ಬಂದು ನಡುವಿನ ಭಾಗ ನುಡಿಸಿದ. ನಾಡಿಯಯ್ಯ ಹಜಾರದ ಕಿಟಕಿಯ ಹೊರಗೆ ನಿಂತು ಕೇಳಿದ. ನಡೆ ಕರಾರುವಾಕ್ಕಾಗಿತ್ತು. ಅದರಲ್ಲಿ ಯಾರೂ ಸತ್ತಿರಲಿಲ್ಲ. ಹಜಾರದ ಗೋಡೆಗೆ ಒರಗಿ ಹುಡುಗಿ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಮಗಳು ನುಡಿಸುವುದಾದರೆ ಈಗಲೇ ಹೋಗಲು ತಯಾರು ಎಂದು ಬಣ್ಣಗಾರ ಹಾಸಿಗೆಯಲ್ಲಿ ಮಲಗಿ ಅಂದಿದ್ದನಂತೆ. ನಾಡಿಯಯ್ಯನಿಗೆ ದಿನಾ ಊಟ ತರುವವಳು ಈ ಮಾತನ್ನು ಎರಡು ದಿನ ತಡೆದು, ಮೆಲ್ಲಗೆ ತಿಳಿಸಿದಳು.

ಮರುದಿನ ಅವನು ಮನೆಯಿಂದ ಹೊರಟ. ಬಣ್ಣಗಾರರ ಮನೆ ಏರಿನ ಮೇಲಿತ್ತು. ಏರಿ ಗೊತ್ತಿಲ್ಲದ ಅವನಿಗೆ ದಾರಿಯಲ್ಲಿ ಎರಡು ಸಲ ಕೂರಬೇಕಾಯಿತು. ಹಿತ್ತಲಲ್ಲಿ ಹುಡುಗಿ ನೀಲಿ ಬಟ್ಟೆ ಹಿಂಡುತ್ತಿದ್ದಳು. ಅವನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು, ಕೂರಲು ಮಣೆ ಕೊಟ್ಟಳು, ನೀರು ಕೊಟ್ಟಳು. ಅವನು ನೀರನ್ನು ಪಕ್ಕಕ್ಕಿಟ್ಟ.

"ಆವತ್ತು ನೀನು ನಿಧಾನ ಮಾಡಲಿಲ್ಲ ತಾಯಿ. ನನ್ನ ನಾಡಿ ಓಡಿತು."

ಅವಳು ಮತ್ತೆ ಬಟ್ಟೆ ಎತ್ತಿಕೊಂಡು ಹಿಂಡಿದಳು. ನೀರು ಪೂರ್ತಿ ಇಳಿಯುವವರೆಗೆ ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವಿದಳು. ಆಮೇಲೆ ಕೇಳಿದಳು.

"ಇದು ನಿಮಗೆ ಆವತ್ತೇ ಗೊತ್ತಿತ್ತಾ ಅಯ್ಯಾ?"

"ಗೊತ್ತಿತ್ತು."

"ಅಪ್ಪ ಹೋದ ದಿನ?"

"ಆವತ್ತೂ ಗೊತ್ತಿತ್ತು."

ಅವಳ ಮುಖದಲ್ಲಿ ಏನು ಬರುತ್ತದೆಂದು ಅವನು ಕಾದ. ಬೈದರೆ ತಲೆ ತಗ್ಗಿಸಲು ಸಿದ್ಧನಾಗಿದ್ದ. ಅವಳು ಬೈಯಲಿಲ್ಲ. ನನಗೆ ಹೇಳಿ ಏನು ಮಾಡುತ್ತೀರಿ, ಹೇಳಬೇಕಾದದ್ದು ಊರಿಗೆ, ಹೋಗಿ ಅಲ್ಲಿ ಹೇಳಿ ಎಂದಳು. ಅವನು ಮುಟ್ಟದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಹೋದಳು.

ಅವನು ಊರನ್ನು ಹಜಾರಕ್ಕೆ ಕರೆಸಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹದಿನಾಲ್ಕು ಮಂದಿಯ ಹೆಸರು ಹಿಡಿದು ಹೇಳಿದ, ಅವರಲ್ಲಿ ಐವರು ಆಗಲೇ ತೀರಿಕೊಂಡಿದ್ದರು. ಊರಿನ ಹಿರಿಯಳು ಎದ್ದಳು. ಅವಳ ಗಂಡ ಹೋಗಿ ಎಂಟು ವರ್ಷವಾಗಿತ್ತು. ನಾಡಿಯಯ್ಯ ಸರಿ ಎಂದ ಕೈಯೇ ಅವನಿಗೂ ನುಡಿಸಿತ್ತು.

"ಹಾಗಾದರೆ ನಮ್ಮವರು ಹೇಗೆ ಹೋದರಯ್ಯಾ? ಸರಿಯಾಗಿ ಹೋದರೋ ಇಲ್ಲವೋ?"

ಕೆಲವರು ನಾಡಿಯಯ್ಯನಿಗೆ ವಯಸ್ಸಾಗಿದೆ, ತಲೆ ಕೆಟ್ಟಿದೆ, ಹಿಂದಿನದನ್ನು ಕೆದಕುವುದು ಬೇಡ ಎಂದರು. ಕೆಲವರು ಅವನನ್ನು ಹೊಳೆಯಾಚೆಗೆ ಕಳಿಸಬೇಕು ಎಂದರು. ಮೂರು ದಿನ ಮಾತಾಡಿ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ನಾಡಿಯಯ್ಯ ಇನ್ನು ಆ ಮಣೆಯ ಮೇಲೆ ಕೂರಬಾರದು. ಬಣ್ಣಗಾರನ ಮಗಳು ಎಲ್ಲರ ಮುಂದೆ ಇನ್ನೊಮ್ಮೆ ನುಡಿಸಲಿ. ಅವಳದು ಸರಿಯಿದೆ ಎಂದು ಊರಿಗೇ ಕೇಳಿಸಿದರೆ, ಕೈ ತೊಳೆಸಿಕೊಂಡ ಎಲ್ಲರೂ ಮತ್ತೆ ಪಿಯಾನೊ ಮುಟ್ಟಬಹುದು.

ಈ ಸುದ್ದಿಯನ್ನು ಅವಳಿಗೆ ಮುಟ್ಟಿಸಲು ಅವನೇ ಹೋದ. ಏರು ಹತ್ತುವಾಗ ಈ ಸಲ ಒಮ್ಮೆ ಮಾತ್ರ ಕೂತ. ಆದದ್ದನ್ನು ತಿದ್ದಬಹುದು ಎನ್ನುವ ಆಸೆ ಅವನಲ್ಲಿ ಹುಟ್ಟಿತ್ತು. ಮೂರು ವರ್ಷ ಮುಟ್ಟದ ಬೆರಳು ಮರಗಟ್ಟಿರುತ್ತದಲ್ಲವೇ ಎಂದು ಅಳುಕುತ್ತಲೇ ಕೇಳಿದ. ಅವಳು ಅವನನ್ನು ಹಿತ್ತಲ ಚಪ್ಪರದಡಿಗೆ ಕರೆದುಕೊಂಡು ಹೋದಳು. ಅಲ್ಲಿ ಬಟ್ಟೆ ಬಡಿಯುವ ಉದ್ದನೆಯ ಹಲಗೆಯ ಮೇಲೆ ಬಿಳಿ ಮನೆ ಕರಿ ಮನೆಗಳನ್ನು ನೀಲಿಯಲ್ಲಿ ಬರೆದುಕೊಂಡಿದ್ದಳು. ಹಲಗೆ ಮುಟ್ಟಬಾರದೆಂದು ಕಟ್ಟಳೆ ಇಲ್ಲವಲ್ಲ ಎಂದಳು. ದಿನಾ ಮಧ್ಯಾಹ್ನ ಹಗ್ಗದ ಮೇಲಿನ ಬಟ್ಟೆಯಿಂದ ಕೆಳಗಿನ ಬಣ್ಣದ ಬಾನಿಯೊಳಗೆ ಹನಿ ಬೀಳುವುದನ್ನು ಎಣಿಸುತ್ತ, ಹನಿಗೊಂದು ಹೆಜ್ಜೆಯಂತೆ ಅಭ್ಯಾಸ ಮಾಡಿದ್ದಳು. ನೀವು ತೋರಿಸಿದ ಜಾಗವನ್ನು ಆಗಲೇ ತಿದ್ದಿಕೊಂಡಿದ್ದೇನೆ, ಈಗ ಕೈ ಹಾಗೆಯೇ ಹೋಗುತ್ತದೆ ಎಂದಳು.

ಅವಳ ಬೆರಳು ಮರಗಟ್ಟಿಲ್ಲ ಎನ್ನುವುದಷ್ಟೇ ಅವನ ಕಿವಿಗೆ ಬಿತ್ತು. ಇಳಿಜಾರಿನಲ್ಲಿ ಅವನು ಕೂರದೆ ನಡೆದು ಮನೆಗೆ ಬಂದ. ಅಂದು ಮೊದಲ ಸಲ ಅನ್ನಕ್ಕೆ ಉಪ್ಪು ಕೇಳಿ ಹಾಕಿಸಿಕೊಂಡು ಉಂಡ.

ನುಡಿಸುವ ದಿನ ಹಜಾರದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಣೆ ಖಾಲಿ ಇತ್ತು. ನಾಡಿಯಯ್ಯ ಜನರ ನಡುವೆ ನೆಲದ ಮೇಲೆ ಕೂತ. ಹುಡುಗಿ ಬಂದು ಯಾರನ್ನೂ ನೋಡದೆ ಪಿಯಾನೊ ಮುಂದೆ ಕೂತಳು. ಮೊದಲ ಭಾಗ ಮುಗಿದು ನಡುವಿನ ಭಾಗ ಬಂತು. ಎಡಗೈ ತಗ್ಗಿನ ಸ್ವರವನ್ನು ಹಿಡಿಯಿತು. ಬಲಗೈ ಮೇಲಿನಿಂದ ಇಳಿಯಿತು, ಒಂದಾದ ಮೇಲೆ ಒಂದು, ಬಾನಿಯೊಳಗೆ ಹನಿ ಬೀಳುವ ಹಾಗೆ.

ಒಂದು ಸ್ವರವೂ ಹೊಸಲಲ್ಲಿ ನಿಲ್ಲಲಿಲ್ಲ. ಎಲ್ಲವೂ ಹೇಳಿದ ಹೊತ್ತಿಗೆ ಬಂದು ಹೇಳಿದ ಜಾಗದಲ್ಲಿ ಕೂತವು.

ನಾಡಿಯಯ್ಯ ಕಾದ. ಆವತ್ತಿನದು ಕೃತಿಯ ಮುಂದಿನ ಸಾಲಿನಲ್ಲಿ ಬರಬಹುದು ಎಂದು ಕಾದ. ಅದರ ಮುಂದಿನದರಲ್ಲಿ ಎಂದು ಕಾದ. ಅವನ ಎದೆ ಇಪ್ಪತ್ತೆರಡು ವರ್ಷ ಬಡಿದ ಹಾಗೆಯೇ ಬಡಿಯುತ್ತಿತ್ತು. ಆಗ ಅವನಿಗೆ ಅರ್ಥವಾಯಿತು. ಅವಳು ಅವನ ಮಾತನ್ನು ನಂಬಿದ್ದಳು. ಅವನು ಬೆರಳಿಟ್ಟು ತೋರಿಸಿದ ತಪ್ಪನ್ನು, ಇಲ್ಲದ ಆ ತಪ್ಪನ್ನು, ಮೂರು ವರ್ಷ ದಿನವೂ ಕೂತು ಕೈಯಾರೆ ತೆಗೆದುಹಾಕಿದ್ದಳು.

ಕೃತಿ ಮುಗಿದಾಗ ಜನರ ಮುಖ ಅರಳಿತು. ಊರಿಗೆ ಗೊತ್ತಿದ್ದ ನಡೆ ಅದೇ, ಅದು ಅವರ ಕಿವಿಗೆ ಹಿತವಾಗಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸರಿ ಎಂದರು. ಕೈ ತೊಳೆಸಿಕೊಂಡವರು ಇನ್ನು ಬರಬಹುದು ಎಂದು ಸಾರಿದರು. ಹಿರಿಯಳು ನಾಡಿಯಯ್ಯನ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ನೀವು ಸುಮ್ಮನೆ ನೊಂದುಕೊಂಡಿರಿ, ನಿಮ್ಮ ಮಾತಿನಿಂದ ಆ ಹುಡುಗಿಗೆ ಒಳ್ಳೆಯದೇ ಆಯಿತು, ತಿದ್ದಿಕೊಂಡಳು ಎಂದಳು. ಅವನಿಗೆ ಬೈಗುಳವಾದರೆ ತಡೆದುಕೊಳ್ಳುವ ಶಕ್ತಿ ಇತ್ತು. ಇದನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಜನರೆಲ್ಲ ಹೋಗುವವರೆಗೆ ಅವನು ನೆಲದಿಂದ ಏಳಲಿಲ್ಲ.

ಹುಡುಗಿಯೂ ಎದ್ದಿರಲಿಲ್ಲ. ಹಜಾರ ಖಾಲಿಯಾದ ಮೇಲೆ, ತಿರುಗಿ ನೋಡದೆ ಕೇಳಿದಳು.

"ಈಗ ಸರಿ ಬಂತಾ ಅಯ್ಯಾ?"

ಹೌದು ಎಂದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು. ಅವಳ ಮೂರು ವರ್ಷಕ್ಕೆ ಬೆಲೆ ಬರುತ್ತಿತ್ತು. ಇದೇ ಜಾಗದಲ್ಲಿ ನಿಂತು ಅವನು ಒಮ್ಮೆ ಒಂದು ಸುಳ್ಳು ಹೇಳಿದ್ದ.

"ಇಲ್ಲ ತಾಯಿ. ಸರಿಯಾಗಿದ್ದದ್ದು ಆವತ್ತು."

ಅವಳು ಎರಡೂ ಅಂಗೈಗಳನ್ನು ಮನೆಗಳ ಮೇಲೆ ಒಟ್ಟಿಗೆ ಊರಿಬಿಟ್ಟಳು. ಹತ್ತು ಸ್ವರಗಳು ಒಂದರ ಮೇಲೊಂದು ಬಿದ್ದು ಕಿರುಚಿದವು. ಆ ಸದ್ದು ಕಲ್ಲಿನ ಗೋಡೆಗಳಲ್ಲಿ ಇಂಗಿತು. ಎಲ್ಲಿ ಎಂದು ಅವಳು ಕೇಳಿದಳು. ಅದೇ ಜಾಗ ಎಂದು ಅವನು ಹೇಳಿದ. ಆವತ್ತು ನೀನು ಅಲ್ಲಿ ಒಂದೊಂದು ಸ್ವರದ ಹತ್ತಿರವೂ ನಿಲ್ಲುತ್ತಿದ್ದೆ, ಯಾರೋ ಬರುವುದಿದೆ ಎನ್ನುವ ಹಾಗೆ. ಈಗ ನಿಲ್ಲುವುದಿಲ್ಲ.

ಅವಳು ನುಡಿಸಿ ನೋಡಿದಳು. ಬೇಕೆಂದು ತಡೆದು ನುಡಿಸಿದಳು, ಅದು ಬರೀ ತಡವಾಗಿ ಕೇಳಿತು. ಇನ್ನೊಮ್ಮೆ ನುಡಿಸಿದಳು. ಬೆರಳುಗಳು ಹನಿಯ ಲೆಕ್ಕಕ್ಕೆ ಓಡಿಹೋದವು. ಕತ್ತಲಾಗಲು ಇನ್ನೂ ಹೊತ್ತಿತ್ತು, ಆದರೆ ಅವಳು ನಿಲ್ಲಿಸಿದಳು.

"ಆವತ್ತು ಹೇಗೆ ನುಡಿಸಿದೆನೋ ನನಗೆ ನೆನಪಿಲ್ಲ," ಎಂದಳು. "ನಿಮಗೆ ನೆನಪಿದೆ. ದಿನಾ ಬಂದು ಕೂತುಕೊಳ್ಳಿ. ಬಂದಾಗ ಬಂತು ಅನ್ನಿ. ಬರದಿದ್ದಾಗ ಇಲ್ಲ ಅನ್ನಿ. ನನಗೆ ಬೇಜಾರಾಗುತ್ತದೆ ಎಂದು ಮಾತ್ರ ಯಾವತ್ತೂ ಹೌದು ಅನ್ನಬೇಡಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಅಂದಿನಿಂದ ಅವನು ದಿನವೂ ಮಧ್ಯಾಹ್ನ ಹಜಾರಕ್ಕೆ ಹೋಗತೊಡಗಿದ. ಅವಳು ಅವನಿಗೆ ನಮಸ್ಕಾರ ಮಾಡುತ್ತಿರಲಿಲ್ಲ, ಬಂದಿರಾ ಎಂದು ಕೇಳುತ್ತಿರಲಿಲ್ಲ. ಬಟ್ಟೆ ಹರವಿ ಬಂದು, ಕೂತು, ಶುರು ಮಾಡುತ್ತಿದ್ದಳು. ಅವನು ಕೇಳುತ್ತಿದ್ದ. ಎದೆ ಸುಮ್ಮನಿದ್ದರೆ ಇಲ್ಲ ಎನ್ನುತ್ತಿದ್ದ. ಅವಳು ಮತ್ತೆ ನುಡಿಸುತ್ತಿದ್ದಳು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಎಲ್ಲೋ ಒಂದು ಸ್ವರದ ಹತ್ತಿರ ಅವನ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬಂತು ಎನ್ನುತ್ತಿದ್ದ. ಅದು ಕೈಯಲ್ಲಿ ನಿಲ್ಲುವವರೆಗೆ ಅವಳು ಅದೊಂದನ್ನೇ ನೂರು ಸಲ ನುಡಿಸುತ್ತಿದ್ದಳು. ಕೈ ತೊಳೆಸಿಕೊಂಡವರಲ್ಲಿ ಉಳಿದ ಎಂಟು ಮಂದಿಯ ಮನೆಗೂ ಅವನು ಹೋಗಿ ಬಂದ. ಇಬ್ಬರು ಮತ್ತೆ ನುಡಿಸಲು ಬಂದರು. ಐದು ಮಂದಿ ಆ ಆಸೆ ಎಂದೋ ಹೋಯಿತು ಎಂದರು. ಕುಂಬಾರರ ಹೆಂಗಸು ಬಾಗಿಲನ್ನೇ ತೆರೆಯಲಿಲ್ಲ.

ಹೀಗೆ ನಾಲ್ಕು ಮಳೆಗಾಲ ಕಳೆದವು. ನಡುವಿನ ಭಾಗದಲ್ಲಿ ಹತ್ತೊಂಬತ್ತು ಸಾಲು. ಐದು ಸಾಲು ಮರಳಿ ಬಂದಿದ್ದವು. ನಾಡಿಯಯ್ಯನಿಗೆ ಎಪ್ಪತ್ತು ದಾಟಿತ್ತು, ಏರು ಹತ್ತುವುದು ನಿಂತಿತ್ತು, ಹಜಾರಕ್ಕೆ ಬರಲು ಕೋಲು ಬೇಕಾಗಿತ್ತು. ಹಿರಿಯಳು ತೀರಿಕೊಂಡಾಗ ಅವಳ ಮನೆಯವರು ಬಣ್ಣಗಾರನ ಮಗಳನ್ನು ನುಡಿಸಲು ಕರೆದರು. ಇನ್ನೂ ಬಂದಿಲ್ಲ, ಬಂದ ಮೇಲೆ ನುಡಿಸುತ್ತೇನೆ ಎಂದು ಹೇಳಿ ಅವಳು ಹೋಗಲಿಲ್ಲ. ಎಣ್ಣೆಗಾಣದವರ ಮಗನೇ ನುಡಿಸಿದ.

ಹೆಣ ಎತ್ತಿ ಜನ ಹೊರಟುಹೋದ ಮೇಲೆ ಅವಳು ಬಂದು ಕೂತಳು. ಅವನು ಆಗಲೇ ಬಂದು ಕೂತಿದ್ದ. ಆರನೆಯ ಸಾಲಿನ ಮೊದಲ ಸ್ವರವನ್ನು ಅವಳು ನುಡಿಸಿದಳು. ಚೆನ್ನಾಗಿಯೇ ಇತ್ತು. ಆ ದಿನವಾದರೂ ಬಂತು ಎಂದುಬಿಡೋಣ ಎಂದು ಅವನ ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ," ಎಂದ.

ಅವಳು ಕೈ ಎತ್ತಿ, ಮತ್ತೆ ಇಟ್ಟಳು.